ಗುಟ್ಟಕ್ಕನ ಕಿಟಕಿಯಲ್ಲಿ ಒಂದು ಛತ್ರಿ

“ಛತ್ರಿ ಅಂದ್ರೆ ಛತ್ರಿ ಕಣೇ. ಅದರ ಮುಂದೆ ಒಂದು ಬಾಲ ಬೇರೆ ಯಾಕೆ?”

“ಬಾಲ ಹಿಂದೆ ಇರುತ್ತೆ ಅತ್ತೆ. ಇದು ಮುಂದೆ ಬರುತ್ತೆ.”

“ಹಾಗಾದ್ರೆ ಕೊಂಬು ಅನ್ನು.”

ಸರಿ, ಕೊಂಬು ಎಂದೇ ಇಟ್ಟುಕೊಂಡೆವು. ಇಂಗ್ಲಿಷಿನಲ್ಲಿ ನಾಮಪದದ ಮುಂದೆ ಬಂದು ಕೂರುವ ‘ಎ’ ಮತ್ತು ‘ಆ್ಯನ್’ಗಳಿಗೆ ನಮ್ಮ ಕಾಲೇಜಿನಲ್ಲಿ ಬಾಯಿ ತುಂಬುವಂಥ ಹೆಸರಿದೆ. ಬಸ್ ನಿಲ್ದಾಣದ ಕಿಟಕಿಯೊಳಗೆ ಕೂತ ನನ್ನ ಸೋದರತ್ತೆಗೆ ಮಾತ್ರ ಒಂದು ಒಂಟಿ ಕೊಂಬು, ಇನ್ನೊಂದು ಜೋಡಿ ಕೊಂಬು. ಅಂದು ಶನಿವಾರ. ಮಧ್ಯಾಹ್ನದೊಳಗೆ ಆ ಎರಡೂ ಕೊಂಬು ಅವಳ ನಾಲಿಗೆಗೆ ಹತ್ತಬೇಕಿತ್ತು. ಹತ್ತದಿದ್ದರೆ ಕಿಟಕಿ ಕೈಬಿಟ್ಟು ಹೋಗುತ್ತಿತ್ತು.

ಅತ್ತೆಯ ಕಿಟಕಿ ಎಂದರೆ ಕಳೆದುಹೋದ ವಸ್ತುಗಳ ಕಿಟಕಿ. ಜನ ಬಸ್ಸಿನಲ್ಲಿ ಏನೇನು ಮರೆಯುತ್ತಾರೆ ಎಂದು ಒಮ್ಮೆ ಒಳಗೆ ಬಂದು ನೋಡಬೇಕು! ಸರಳಿಗೆ ಬಾವಲಿಗಳ ಹಾಗೆ ತಲೆಕೆಳಗಾಗಿ ನೇತಾಡುವ ಛತ್ರಿಗಳು, ಕಬ್ಬಿಣದ ಕಪಾಟಿನ ತುಂಬ ಊಟದ ಡಬ್ಬಿ, ಕನ್ನಡಕ, ಹೆಲ್ಮೆಟ್ಟು, ಒಂದೇ ಕಾಲಿನ ಬೂಟು, ಹಕ್ಕಿಯಿಲ್ಲದ ಹಕ್ಕಿ ಪಂಜರ, ಒಂದು ಇಸ್ತ್ರಿ ಪೆಟ್ಟಿಗೆ. ಮೂಲೆಯಲ್ಲಿ ಒಂದು ಊರುಗೋಲು ಕೂಡ ಇದೆ. ಅದನ್ನು ಮರೆತವನು ಬಸ್ಸಿಳಿದು ಹೇಗೆ ನಡೆದುಹೋದ ಎಂದು ನಾನು ಕೇಳಿದರೆ ಅತ್ತೆ, “ವಾಸಿಯಾಗಿರಬೇಕು, ಪುಣ್ಯಾತ್ಮ” ಎನ್ನುತ್ತಾಳೆ. ಒದ್ದೆ ಬಟ್ಟೆ ಮತ್ತು ಹಳೆ ಚರ್ಮದ ವಾಸನೆ. ಗೋಡೆಯ ಆಚೆಗೇ ಮೈಕಿನ ಕೋಣೆ, ಅಲ್ಲಿಂದ ಬಸ್ಸುಗಳ ಹೆಸರು ಕೂಗಿದಾಗಲೆಲ್ಲ ಕಪಾಟಿನ ಕನ್ನಡಕಗಳು ಕಿಣಿಕಿಣಿ ಎನ್ನುತ್ತವೆ.

ವಿಭಾಗಕ್ಕೆ ಹೊಸದಾಗಿ ಬಂದಿದ್ದ ಮೇಡಂ ಒಂದು ಆದೇಶ ಹೊರಡಿಸಿದ್ದರು. ಬೇರೆ ಬೇರೆ ಕಡೆಯ ಪ್ರಯಾಣಿಕರು ಹೆಚ್ಚಾಗಿದ್ದಾರೆ, ಕಿಟಕಿಯಲ್ಲಿ ಕೂರುವವರಿಗೆ ಇಂಗ್ಲಿಷ್ ಬರಲೇಬೇಕು, ಶನಿವಾರ ಮಧ್ಯಾಹ್ನ ತಾವೇ ಬಂದು ನಿಂತು ಕೇಳುತ್ತೇವೆ ಎಂದು. ಪಾಸಾದರೆ ಕಿಟಕಿ ಅತ್ತೆಯದು. ಇಲ್ಲದಿದ್ದರೆ ಅಲ್ಲಿ ಹೊಸಬರು ಕೂರುತ್ತಾರೆ, ಅತ್ತೆ ಬಸ್ ತೊಳೆಯುವ ಶೆಡ್ಡಿಗೆ. ಅತ್ತೆಗೆ ಉಬ್ಬಸ. ಶೆಡ್ಡಿನ ತೇವದಲ್ಲಿ ಅವಳ ಎದೆ ಒಂದು ವಾರ ತಡೆಯುವುದಿಲ್ಲ. ಆದರೆ ಅವಳು ಉಬ್ಬಸದ ಮಾತನ್ನೇ ಎತ್ತಲಿಲ್ಲ.

“ಶೆಡ್ಡಲ್ಲಿ ಬಸ್ಸಿನ ಮುಖ ತೊಳೀಬೇಕು. ಇಲ್ಲಿ ಸಿಕ್ಕಿತು ಅಂದಾಗ ಜನರ ಮುಖ ನೋಡಬಹುದು,” ಎಂದು ಅಪ್ಪನಿಗೆ ಫೋನಿನಲ್ಲಿ ಹೇಳಿದ್ದಳು. ಅಪ್ಪ ಫೋನಿಟ್ಟವನೇ ನನ್ನ ಕಡೆ ತಿರುಗಿ, “ನೀನು ಇಂಗ್ಲಿಷ್ ಮೀಡಿಯಂ ಅಲ್ವಾ, ಅಕ್ಕನ ನಾಲಿಗೆ ಸ್ವಲ್ಪ ತಿರುಗಿಸಿಕೊಡು” ಎಂದ. ನನಗೋ ಕುಣಿಯುವಷ್ಟು ಖುಷಿ! ಆ ಕೋಣೆಯೊಳಗೆ ಹೋಗಲು ಚಿಕ್ಕಂದಿನಿಂದ ಕಾಯುತ್ತಿದ್ದವಳು ನಾನು.

ಕಾಯಲು ಕಾರಣವಿತ್ತು. ಒಳಗೆ ಏನಿದೆ ಎಂದು ಅತ್ತೆ ಯಾರಿಗೂ ಹೇಳುವವಳಲ್ಲ. ಕಿಟಕಿಯ ಹೊರಗೆ ಒಂದು ಕರಿಹಲಗೆ ತೂಗುತ್ತದೆ, ಅದರಲ್ಲಿ ಸೀಮೆಸುಣ್ಣದಲ್ಲಿ ‘ಚೀಲ, ಛತ್ರಿ, ಉಂಗುರ, ಕನ್ನಡಕ, ಹೆಲ್ಮೆಟ್ಟು’ ಎಂದಷ್ಟೇ ಇರುತ್ತದೆ. ಯಾವ ಬಣ್ಣ, ಎಷ್ಟು ದೊಡ್ಡದು, ಎಲ್ಲಿ ಹರಿದಿದೆ, ಒಂದಕ್ಷರ ಇಲ್ಲ. ಬಂದವರು ತಾವೇ ಹೇಳಬೇಕು. ಅತ್ತೆ ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಕೇಳಿಸಿಕೊಳ್ಳುತ್ತಾಳೆ, “ಆಮೇಲೆ?” ಎನ್ನುತ್ತಾಳೆ, ಇನ್ನೊಮ್ಮೆ “ಆಮೇಲೆ?” ಎನ್ನುತ್ತಾಳೆ. ಗುರುತು ಕೂಡಿಬಂದರೆ ಮಾತ್ರ ಎದ್ದು ಕಪಾಟಿನ ಕಡೆ ಹೋಗುತ್ತಾಳೆ. ನಮ್ಮನೆಗೆ ಬಂದು ಊಟಕ್ಕೆ ಕೂತಾಗ, “ಇವತ್ತು ಯಾವ ಉಂಗುರ ಸಿಕ್ತು ಅತ್ತೆ, ಕಲ್ಲಿನದಾ?” ಎಂದು ಕೇಳಿದರೂ, “ಉಂಗುರ” ಎನ್ನುತ್ತಾಳೆ, ಅಷ್ಟೇ. ಅದಕ್ಕೇ ನಿಲ್ದಾಣದಲ್ಲಿ ಅವಳಿಗೆ ಗುಟ್ಟಕ್ಕ ಎಂದು ಹೆಸರು. ಆ ಹೆಸರಿಟ್ಟವನು ಪಕ್ಕದ ಕೋಣೆಯಲ್ಲಿ ಬಸ್ಸುಗಳ ಹೆಸರು ಕೂಗುವ ಮೈಕಣ್ಣ. ಅವನ ನಿಜವಾದ ಹೆಸರು ಅವನ ಹೆಂಡತಿಗಾದರೂ ನೆನಪಿದೆಯೋ ಇಲ್ಲವೋ.

ಈ ಗುಟ್ಟಿನ ಅಭ್ಯಾಸ ಸುಮ್ಮನೆ ಬಂದದ್ದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಬಂದು ಕ್ಯಾಮೆರಾ ಕಳೆದುಹೋಗಿದೆ ಎಂದನಂತೆ. ಅತ್ತೆ ಸಡಗರದಿಂದ, “ಕಂದು ಚೀಲ, ಪಟ್ಟಿ ಹರಿದಿರೋದು, ಅದೇ ಅಲ್ವಾ?” ಎಂದಳಂತೆ. “ಅದೇ ತಾಯಿ, ಅದೇ!” ಎಂದು ಅವನು ಕೈಮುಗಿದು ತೆಗೆದುಕೊಂಡು ಹೋದ. ಸಂಜೆ ಒಬ್ಬ ಹುಡುಗಿ ಬಂದು, ಕ್ಯಾಮೆರಾ ಕಳೆದಿದೆ, ಪಟ್ಟಿಯನ್ನು ನಮ್ಮ ನಾಯಿ ಕಚ್ಚಿ ಹರಿದಿತ್ತು ಎಂದಳು. ಆ ಹುಡುಗಿ ಬೈಯಲೂ ಇಲ್ಲ, ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದು ಎದ್ದು ಹೋದಳಂತೆ. “ಬೈದಿದ್ರೆ ಮರೀತಿದ್ದೆನೋ ಏನೋ,” ಎನ್ನುತ್ತಾಳೆ ಅತ್ತೆ.

ಅಂಥವಳಿಗೆ ನಾನು ಮಾತಾಡಲು ಕಲಿಸಬೇಕಿತ್ತು.

“ನೋಡು ಅತ್ತೆ, ಯಾವುದೋ ಒಂದು ಛತ್ರಿ, ಯಾರದ್ದೋ ಗೊತ್ತಿಲ್ಲ, ಮೊದಲ ಸಲ ಅದರ ಮಾತು ಬರ್ತಾ ಇದೆ. ಆಗ ಆ್ಯನ್ ಅಂಬ್ರೆಲಾ. ಬಾಯಿ ಪೂರ್ತಿ ತೆರೆದು ಅ, ಎ, ಐ, ಒ ಅಂತ ಶುರುವಾಗುತ್ತಲ್ಲ, ಅದಕ್ಕೆ ಜೋಡಿ ಕೊಂಬು. ಮಿಕ್ಕಿದ್ದಕ್ಕೆಲ್ಲ ಒಂಟಿ. ಎ ಹೆಲ್ಮೆಟ್. ಎ ಬ್ಯಾಗ್.”

“ಆ್ಯನ್ ಐರನ್ ಬಾಕ್ಸ್,” ಎಂದು ಅತ್ತೆ ಇಸ್ತ್ರಿ ಪೆಟ್ಟಿಗೆಯ ತಲೆ ಸವರಿದಳು.

“ಆಹಾ! ಇದೇನು?”

“ಆ್ಯನ್ ಯೂನಿಫಾರ್ಮ್.”

“ಅಲ್ಲ ಅತ್ತೆ. ಎ ಯೂನಿಫಾರ್ಮ್.”

“ಯೂ ಅಂತ ಬಾಯಿ ತೆರೀಲಿಲ್ವೇನೇ ನಾನು?”

“ತೆರೆದೆ, ಆದ್ರೆ ಅದು ಯಕಾರ. ವ್ಯಂಜನ.”

ಅಷ್ಟರಲ್ಲಿ ಎರಡು ಕೋಣೆಗಳ ನಡುವಿನ ಸಣ್ಣ ಕಿಂಡಿಯಲ್ಲಿ ಮೈಕಣ್ಣನ ಮುಖ ಕಾಣಿಸಿತು. ಕೈಯಲ್ಲಿ ಟೀ ಲೋಟ.

“ಯೂನಿಫಾರ್ಮಿಗೆ ಮಾತ್ರ ಬೇರೆ ಕಾನೂನಾ? ಯೂನಿಫಾರ್ಮ್ ಹಾಕಿದವರಿಗೆ ಎಲ್ಲಾ ಕಡೆ ಹಾಗೇ ಬಿಡಿ ಗುಟ್ಟಕ್ಕ.”

“ನಿನ್ನ ಬಸ್ಸು ಹೊರಟು ಹೋಯ್ತು ನೋಡು, ಕೂಗು ಹೋಗು.”

“ಹೊರಟ ಮೇಲೂ ಕೂಗ್ತೀನಿ ಬಿಡಿ, ಓಡಿ ಬರೋರಿಗೆ ಒಂದು ಸಮಾಧಾನ.” ಕಿಂಡಿ ಮುಚ್ಚಿಕೊಂಡಿತು.

ನಾವು ಮುಂದುವರಿಸಿದೆವು. ಒಮ್ಮೆ ಪರಿಚಯವಾದ ಮೇಲೆ ಕೊಂಬು ಬಿದ್ದುಹೋಗಿ ‘ದಿ’ ಬರುತ್ತದೆ ಎಂದೆ. ಮೊದಲು ಎ ಬ್ಯಾಗ್, ಎರಡನೇ ಸಲ ಅದೇ ಬ್ಯಾಗಿನ ಮಾತು ಬಂದರೆ ದಿ ಬ್ಯಾಗ್. ಅತ್ತೆ ಸ್ವಲ್ಪ ಯೋಚಿಸಿ, “ಅಂದ್ರೆ ಮೊದಲು ಯಾರೋ, ಆಮೇಲೆ ನಮ್ಮೋರು” ಎಂದಳು. ನನ್ನ ಲೆಕ್ಚರರ್ ಒಂದು ಗಂಟೆ ಹೇಳಿದ್ದನ್ನು ಹೀಗೆ ಹೇಳಿ ಮುಗಿಸಿದಳಲ್ಲ ಎಂದು ನನಗೆ ನಗು ಬಂತು.

“ಇಲ್ಲದೇ ಇರೋದಕ್ಕೂ ಈ ಕೊಂಬು ಹಾಕಬಹುದಾ?” ಎಂದು ಕೇಳಿದಳು.

“ಹಾಕಬಹುದು! ಐ ವಾಂಟ್ ಎ ಕಾರ್. ಕಾರು ಎಲ್ಲಿದೆ? ಎಲ್ಲೂ ಇಲ್ಲ. ಆದ್ರೂ ಕೊಂಬಿದೆ.”

“ಇರೋದಕ್ಕೂ ಅದೇ, ಇಲ್ಲದ್ದಕ್ಕೂ ಅದೇ. ಒಳ್ಳೆ ಭಾಷೆ ಕಣೇ!”

ಆಗಲೇ ಬೆಳಗಿನ ಬಸ್ಸೊಂದರ ಕಂಡಕ್ಟರ್ ಒಂದು ಬ್ಯಾಗನ್ನು ಕಿಟಕಿಯಲ್ಲಿ ತೂರಿಸಿ, “ಹಿಂದಿನ ಸೀಟಲ್ಲಿತ್ತು ಗುಟ್ಟಕ್ಕ” ಎಂದು ಹೋದ. ನೀಲಿ ಬ್ಯಾಗು, ಹಿಡಿಗೆ ಕಿತ್ತಳೆ ಬಣ್ಣದ ರಿಬ್ಬನ್ ಕಟ್ಟಿತ್ತು. ಯಾವುದೇ ಚೀಲ ಬಂದರೂ ಕೊಳೆಯುವಂಥದ್ದೇನಾದರೂ ಇದೆಯೇ ಎಂದು ಒಮ್ಮೆ ತೆರೆದು ನೋಡಬೇಕು, ಅದು ನಿಯಮ. ಅತ್ತೆ ತೆರೆದಳು. ಒಳಗೆ ಕಾಗದದಲ್ಲಿ ಸುತ್ತಿದ್ದ ಒಂದು ದಪ್ಪ ಹಳೆಯ ಅಲಾರಂ ಗಡಿಯಾರ, ಬೇರೇನೂ ಇಲ್ಲ. ಮತ್ತೆ ಸುತ್ತಿ ಒಳಗಿಟ್ಟರೆ ಜಿಪ್ಪು ಬರಲೊಲ್ಲದು! ಬ್ಯಾಗು ಅಷ್ಟು ಚಿಕ್ಕದು. ಕೊನೆಗೆ ಅತ್ತೆ ಅದನ್ನು ನೆಲದ ಮೇಲಿಟ್ಟು ಮಂಡಿಯಿಂದ ಒತ್ತಿ ಹಿಡಿದಳು, ನಾನು ಉಸಿರು ಬಿಗಿಹಿಡಿದು ಜಿಪ್ಪು ಎಳೆದೆ. ಇಬ್ಬರೂ ಏದುಸಿರು ಬಿಡುತ್ತ ನಕ್ಕೆವು.

“ಇದನ್ನೇ ವರ್ಣಿಸು ನೋಡೋಣ,” ಎಂದೆ. “ಪೂರ್ತಿ ವಾಕ್ಯದಲ್ಲಿ.”

ಅತ್ತೆ ಕಿಟಕಿಯ ಕಡೆ ನೋಡಿದಳು. “ಬಣ್ಣ ಎಲ್ಲಾ ಹೇಳಬೇಕಾ? ನಾನು ಹಾಗೆಲ್ಲ ಹೇಳೋದಿಲ್ಲವಲ್ಲೇ.”

“ಅಭ್ಯಾಸಕ್ಕೆ ಅತ್ತೆ. ಬಣ್ಣ ಹಾಕಿದ್ರೆ ತಾನೇ ಕೊಂಬು ಎಲ್ಲಿ ಕೂರುತ್ತೆ ಅಂತ ಗೊತ್ತಾಗೋದು? ಎ ಬ್ಲೂ ಬ್ಯಾಗ್. ಆ್ಯನ್ ಆರೆಂಜ್ ರಿಬ್ಬನ್. ಆ್ಯನ್ ಅಲಾರಂ ಕ್ಲಾಕ್. ಇಲ್ಲಿ ಯಾರಿದ್ದಾರೆ ಕೇಳೋಕೆ?”

ಅಳುಕುತ್ತಲೇ ಹೇಳಿದಳು. ತಪ್ಪಿತು. ಮತ್ತೆ ಹೇಳಿದಳು. ಒಮ್ಮೆ ಆರೆಂಜಿಗೆ ಒಂಟಿ ಕೊಂಬು, ಒಮ್ಮೆ ಬ್ಲೂಗೆ ಜೋಡಿ ಕೊಂಬು. ನಾನು “ವಾಟ್ ಈಸ್ ಇಟ್?” ಎನ್ನುವುದು, ಅವಳು ಹೇಳುವುದು. ಕಡೆಗೆ ನಾನು ಬಾಯಿ ತೆರೆಯುವ ಮೊದಲೇ ಮೂರೂ ವಾಕ್ಯಗಳು ಜರ್‍ರನೆ ಬರತೊಡಗಿದವು. ನಾನು ಅವಳನ್ನು ಅಪ್ಪಿಕೊಂಡೇಬಿಟ್ಟೆ.

ಮಧ್ಯಾಹ್ನ ಮೇಡಂ ಬಂದರು. ಸದ್ದಿಲ್ಲದ ಚಪ್ಪಲಿ, ಕೈಯಲ್ಲಿ ಪ್ಯಾಡು, ಕಿವಿಯ ಹಿಂದೆ ಪೆನ್ನು. ನನ್ನನ್ನು ನೋಡಿ, “ನೀವು?” ಎಂದರು.

“ನನ್ನ ತಮ್ಮನ ಮಗಳು ಮೇಡಂ,” ಎಂದಳು ಅತ್ತೆ. ಅವಳ ದನಿಯೇ ಬೇರೆಯಾಗಿತ್ತು.

“ಹೊರಗಿನ ಬೆಂಚಲ್ಲಿ ಕೂತ್ಕೊಳ್ಳಿ. ನೀವು ಬಾಯಿ ಬಿಡಬಾರದು.”

ನಾನು ಬೆಂಚಿಗೆ ಬಂದು ಕೂತೆ. ಕಿಟಕಿ ಒಂದು ಮಾರು ದೂರ, ಎಲ್ಲವೂ ಕಾಣುತ್ತಿತ್ತು, ಎಲ್ಲವೂ ಕೇಳುತ್ತಿತ್ತು. ಮೇಡಂ ಅತ್ತೆಯ ಪಕ್ಕದಲ್ಲಿ ಗೋಡೆಗೆ ಒರಗಿ ನಿಂತರು. ಅತ್ತೆ ಸೆರಗನ್ನು ಎರಡು ಸಲ ಸರಿಮಾಡಿಕೊಂಡಳು, ಮೂಗೊರೆಸಿಕೊಂಡಳು, ಇದ್ದಲ್ಲೇ ಇದ್ದ ರಬ್ಬರ್ ಸ್ಟಾಂಪನ್ನು ಎತ್ತಿ ಇದ್ದಲ್ಲೇ ಇಟ್ಟಳು.

ಮೊದಲು ಬಂದದ್ದು ಒಬ್ಬ ಅಜ್ಜಿ, ಮೊಮ್ಮಗನ ಹೆಲ್ಮೆಟ್ಟು ಹುಡುಕಿಕೊಂಡು. ಅಜ್ಜಿಗೆ ಇಂಗ್ಲಿಷ್ ಬೇಕಿರಲಿಲ್ಲ, ಆದರೂ ಮೇಡಂ ಕಣ್ಸನ್ನೆ ಮಾಡಿದರು. ಅತ್ತೆ, “ಎ ಹೆಲ್ಮೆಟ್?” ಎಂದಳು. “ಹೂಂ, ಅದೇ, ತಲೆಗೆ ಹಾಕೋದು,” ಎಂದಿತು ಅಜ್ಜಿ. ಗುರುತು ಕೂಡಿತು, ಅಜ್ಜಿ ಹೆಲ್ಮೆಟ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೋಯಿತು. ಮೇಡಂ ಏನೋ ಬರೆದುಕೊಂಡರು. ಆಮೇಲೆ ಬಹಳ ಹೊತ್ತು ಯಾರೂ ಬರಲಿಲ್ಲ. ಗೋಡೆಯಾಚೆ ಮೈಕಣ್ಣ ಬಸ್ಸೊಂದರ ಹೆಸರು ಕೂಗಿದ, ಕನ್ನಡಕಗಳು ನಡುಗಿದವು.

ಆಗ ಒಬ್ಬ ಓಡಿ ಬಂದ. ಇಸ್ತ್ರಿ ಮಾಡಿದ ಶರ್ಟು ಬೆನ್ನಿಗೆ ಅಂಟಿಕೊಂಡಿತ್ತು, ಕೈಯಲ್ಲಿ ಚಾರ್ಜು ಮುಗಿದು ಸತ್ತ ಫೋನು. ಎರಡೂ ಕೈಯಿಂದ ಕಿಟಕಿಯ ಸರಳು ಹಿಡಿದುಕೊಂಡು ಒಂದೇ ಉಸಿರಿನಲ್ಲಿ ಇಂಗ್ಲಿಷಿನಲ್ಲೇ ಕೇಳಿದ, “ಹ್ಯಾವ್ ಯು ಫೌಂಡ್ ಎ ಬ್ಯಾಗ್? ದಿಸ್ ಮಾರ್ನಿಂಗ್?”

ಮೇಡಂ ಪೆನ್ನು ತೆಗೆದರು. ನಾನು ಬೆಂಚಿನ ತುದಿಗೆ ಜರುಗಿದೆ.

“ಯೆಸ್ ಸರ್. ಇಟ್ ಈಸ್ ಎ ಬ್ಲೂ ಬ್ಯಾಗ್. ಇಟ್ ಹ್ಯಾಸ್ ಆ್ಯನ್ ಆರೆಂಜ್ ರಿಬ್ಬನ್. ದೇರ್ ಈಸ್ ಆ್ಯನ್ ಅಲಾರಂ ಕ್ಲಾಕ್ ಇನ್ ದಿ ಬ್ಯಾಗ್.”

ಒಂದು ಕೊಂಬೂ ತಪ್ಪಿರಲಿಲ್ಲ! ಬ್ಯಾಗಿಗೆ ಮೊದಲು ‘ಎ’, ಎರಡನೇ ಸಲಕ್ಕೆ ಸರಿಯಾಗಿ ‘ದಿ’! ಮೇಡಂ ಹುಬ್ಬೇರಿಸಿ, ತಲೆಯಾಡಿಸಿ, ಪ್ಯಾಡಿನ ಮೇಲೆ ಉದ್ದವಾಗಿ ಒಂದು ರೈಟ್ ಮಾರ್ಕ್ ಎಳೆದರು. ನಾನು ಚಪ್ಪಾಳೆ ತಟ್ಟುವುದೊಂದು ಬಾಕಿ. ಆಮೇಲೆ ಅತ್ತೆಯ ಮುಖ ನೋಡಿದೆ. ರಕ್ತವೆಲ್ಲ ಇಳಿದುಹೋಗಿತ್ತು.

“ಅದೇ! ಅದೇ ನಂದು!” ಅವನು ಕನ್ನಡಕ್ಕೆ ಬಂದಿದ್ದ. “ನೀಲಿ ಬ್ಯಾಗು, ಕಿತ್ತಳೆ ರಿಬ್ಬನ್, ಒಳಗೆ ಅಲಾರಂ ಗಡಿಯಾರ. ಕೊಡಿ ಬೇಗ, ನನ್ನ ಬಸ್ಸು ನಿಂತಿದೆ.”

ಅತ್ತೆ ಎದ್ದಳು. ಕಪಾಟಿನಿಂದ ಬ್ಯಾಗು ತಂದು ಮೇಜಿನ ಮೇಲಿಟ್ಟಳು. ಇಟ್ಟವಳು ಅದರ ಮೇಲಿನಿಂದ ಕೈ ತೆಗೆಯಲಿಲ್ಲ.

“ಕೊಡಿ,” ಎಂದರು ಮೇಡಂ. “ಗುರುತು ಎಲ್ಲಾ ಸರಿಯಾಗಿದೆಯಲ್ಲ.”

“ಗುರುತು ಅವರು ಹೇಳಲಿಲ್ಲ ಮೇಡಂ,” ಎಂದಳು ಅತ್ತೆ. “ನಾನು ಹೇಳಿದೆ.”

ಮೇಡಂ ಪ್ಯಾಡು ನೋಡಿದರು. ಅವನು ಅತ್ತೆಯನ್ನು ನೋಡಿದ.

“ಏನಮ್ಮಾ ಇದು? ನೀವೇ ಹೇಳಿ, ನೀವೇ ಇಲ್ಲ ಅಂತೀರಾ?”

“ಗಡಿಯಾರ ಯಾವ ಬಣ್ಣ ಸಾರ್?”

“ನನಗೆ ಗೊತ್ತಿಲ್ಲ. ಅಕ್ಕ ಕಾಗದ ಸುತ್ತಿ ಕೊಟ್ಟಳು. ನಾನೇನು ಬಿಚ್ಚಿ ನೋಡಿದ್ದೀನಾ?”

“ಚೌಕವೋ, ದುಂಡಗೋ?”

“ಗೊತ್ತಿಲ್ಲ ಅಂದೆನಲ್ಲಮ್ಮ! ನಮ್ಮಪ್ಪನ ಗಡಿಯಾರ ಅದು, ಊರಲ್ಲಿರೋದು, ನಾನ್ಯಾವತ್ತೂ ಸರಿಯಾಗಿ ನೋಡಿದ್ದೇ ಇಲ್ಲ. ರಿಪೇರಿಗೆ ಕೊಟ್ಟಿದ್ದನ್ನ ಅಕ್ಕ ಇಸ್ಕೊಂಡು ನನ್ನ ಕೈಗೆ ಕೊಟ್ಟಿದ್ದು. ಮಲಗಿದ್ರೆ ಅಪ್ಪ ಇನ್ಯಾವುದಕ್ಕೂ ಏಳೋದಿಲ್ಲ, ಅದರ ಸದ್ದಿಗೆ ಮಾತ್ರ ಏಳ್ತಾರೆ.”

“ಅಕ್ಕನಿಗೆ ಒಂದು ಫೋನು...”

ಅವನು ಸತ್ತ ಫೋನನ್ನು ಸರಳಿನ ನಡುವೆ ಹಿಡಿದು ತೋರಿಸಿದ. ನನ್ನ ಫೋನು ಕೊಡೋಣವೆಂದು ನಾನು ಎದ್ದೆ. ನಂಬರು ಬಾಯಿಪಾಠ ಇಲ್ಲ ಎಂದ. ಇದು ನಮ್ಮ ಸಂಶಯಕ್ಕೆ ಇನ್ನಷ್ಟು ತುಪ್ಪ ಸುರಿಯಿತು. ನಾನು ಅವನ ಬೂಟು, ವಾಚು, ಬಾಚಿದ ಕ್ರಾಪು ಎಲ್ಲವನ್ನೂ ನೋಡಿದೆ. ಒಂದು ಕ್ಷಣ ಕಳ್ಳನ ಹಾಗೆ ಕಂಡ, ಮರುಕ್ಷಣ ಪಾಪದವನ ಹಾಗೆ ಕಂಡ. ಕೊಟ್ಟು ಕಳಿಸಿದರೆ ಸಂಜೆ ಇನ್ಯಾರೋ ಬಂದು ಆ ಬೆಂಚಿನ ಮೇಲೆ ಕೂರಬಹುದು. ಕೊಡದಿದ್ದರೆ, ಇವನದೇ ಆಗಿದ್ದರೆ?

ಗೋಡೆಯಾಚೆಯಿಂದ ಮೈಕಣ್ಣನ ದನಿ, “ಮಾನ್ಯ ಪ್ರಯಾಣಿಕರೇ, ಮೂರನೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿರುವ ಬಸ್ಸಿಗೆ ಇದು ಕೊನೆಯ ಕರೆ.”

“ನನ್ನ ಬಸ್ಸು!” ಎಂದು ಅವನು ಸರಳು ಅಲುಗಿಸಿದ. “ಮೇಡಂ, ನೀವಾದ್ರೂ ಹೇಳಿ ಇವರಿಗೆ!”

ಮೇಡಂ ದನಿ ಗಟ್ಟಿಯಾಯಿತು. “ನೋಡಿ, ನಾನು ಹೇಳ್ತಾ ಇದ್ದೀನಿ. ಬ್ಯಾಗ್ ಕೊಡಿ. ಇಲ್ಲಾಂದ್ರೆ ಇವರು ಬರೆದುಕೊಡೋ ದೂರು ನಿಮ್ಮ ಮೇಲೇ ಬರುತ್ತೆ. ಇವತ್ತು ನಾನು ಯಾಕೆ ಬಂದಿದ್ದೀನಿ ಅಂತ ಗೊತ್ತಲ್ಲ?”

ಗೊತ್ತಿತ್ತು. ಅತ್ತೆಯ ಎದೆ ಸುಯ್‌ಗುಟ್ಟಲು ಶುರುವಾಗಿತ್ತು. ಬೆಂಚಿನವರೆಗೂ ಕೇಳುತ್ತಿತ್ತು ಆ ಶಬ್ದ. ರೈಟ್ ಮಾರ್ಕ್ ಬಿದ್ದಾಗಿದೆ, ಕೈ ಎತ್ತಿದರೆ ಸಾಕು, ಕಿಟಕಿ ಅವಳದೇ. ಎತ್ತು ಅತ್ತೆ ಎಂದು ನನ್ನ ಮನಸ್ಸು ಕೂಗುತ್ತಿತ್ತು. ಬೇಡ ಅತ್ತೆ ಎಂದೂ ಅದೇ ಮನಸ್ಸು ಕೂಗುತ್ತಿತ್ತು.

ಅತ್ತೆ ಬ್ಯಾಗನ್ನು ಇನ್ನಷ್ಟು ತನ್ನ ಕಡೆಗೆ ಎಳೆದುಕೊಂಡಳು. ಅವನನ್ನೇ ನೋಡುತ್ತ, ನಿಧಾನವಾಗಿ, ಒಂದೊಂದೇ ಪದ ಎತ್ತಿಡುತ್ತ ಹೇಳಿದಳು.

“ದೇರ್ ಈಸ್ ಆ್ಯನ್ ಅಂಬ್ರೆಲಾ ಆಲ್ಸೋ, ಸರ್. ಇನ್ ದಿ ಬ್ಯಾಗ್.”

ಛತ್ರಿಯಾ? ಆ ಬ್ಯಾಗಿನಲ್ಲಿ ಛತ್ರಿ ಎಲ್ಲಿತ್ತು? ಬೆಳಗ್ಗೆ ನಾನೇ ನೋಡಿದ್ದೆನಲ್ಲ, ಗಡಿಯಾರ ಬಿಟ್ಟು ಬೇರೇನೂ ಇರಲಿಲ್ಲ!

“ಅಂಬ್ರೆಲಾ?” ಅವನು ಕಣ್ಣು ಕಿರಿದು ಮಾಡಿದ.

“ಹೌದು ಸಾರ್. ಒಂದು ಛತ್ರಿ. ಅದೂ ನಿಮ್ಮದೇ ತಾನೇ?”

ಮೇಡಂ ಪೆನ್ನು ಹಿಡಿದ ಕೈ ಗಾಳಿಯಲ್ಲೇ ನಿಂತಿತ್ತು. ಹೌದು ಎಂದುಬಿಟ್ಟರೆ ಸಿಕ್ಕಿಬಿದ್ದ ಎಂದು ನಾನು ಹಲ್ಲು ಕಚ್ಚಿಕೊಂಡೆ. ಹೌದು ಎನ್ನಲಿ ಎಂದು ಆಸೆಪಟ್ಟೆನೋ, ಬೇಡ ಎಂದೋ, ದೇವರಾಣೆಗೂ ಗೊತ್ತಿಲ್ಲ.

“ಛತ್ರಿ ನಂದಲ್ಲ,” ಎಂದ ಅವನು. ಆಮೇಲೆ ರೇಗಿದ. “ಛತ್ರಿ ಹೇಗಮ್ಮಾ ಇರುತ್ತೆ ಅದರಲ್ಲಿ? ಗಡಿಯಾರಕ್ಕೇ ಜಾಗ ಇಲ್ಲ! ನಮ್ಮಕ್ಕ ಮಂಡಿ ಊರಿ ಅದುಮಿ ಹಿಡ್ಕೊಂಡು, ಭಾವ ಜಿಪ್ಪು ಎಳೆದಿದ್ದು. ಅದರೊಳಗೆ ಛತ್ರಿ ಯಾರು ತುರುಕ್ತಾರೆ? ಯಾರದ್ದೋ ಛತ್ರಿ ಇದ್ರೆ ನೀವೇ ಇಟ್ಕೊಳ್ಳಿ, ನನಗೆ ನಮ್ಮಪ್ಪನ ಗಡಿಯಾರ ಕೊಡಿ!”

ಅತ್ತೆಯ ಕೈ ಬ್ಯಾಗಿನ ಮೇಲಿನಿಂದ ಮೇಲೆದ್ದಿತು. ಎರಡೂ ಕೈಯಿಂದ ಬ್ಯಾಗನ್ನು ಎತ್ತಿ ಕಿಟಕಿಯ ಕೆಳಗಿನ ಕಿಂಡಿಯಿಂದ ಆಚೆ ತಳ್ಳಿದಳು.

“ನಿಮ್ಮದೇ ಸಾರ್. ಓಡಿ.”

“ಛತ್ರಿ?”

“ಛತ್ರಿ ಇಲ್ಲ ಸಾರ್. ಓಡಿ, ಬಸ್ಸು!”

ಅವನಿಗೆ ಏನೂ ಅರ್ಥವಾಗಲಿಲ್ಲ. “ಒಂದು ಬ್ಯಾಗಿಗೆ ಇಷ್ಟು ಸತಾಯಿಸ್ತೀರಲ್ಲ!” ಎಂದವನೇ ಬ್ಯಾಗನ್ನು ಮಗುವಿನ ಹಾಗೆ ಎದೆಗವಚಿಕೊಂಡು ಓಡಿದ. ಥ್ಯಾಂಕ್ಸ್ ಹೇಳಲಿಲ್ಲ. ನಡುವಿನ ಕಿಂಡಿ ಸ್ವಲ್ಪವೇ ತೆರೆದಿತ್ತು, ಎಷ್ಟು ಹೊತ್ತಿನಿಂದಲೋ. ಅದು ಫಟ್ಟನೆ ಮುಚ್ಚಿತು. ಮರುಗಳಿಗೆಯಲ್ಲೇ ಇಡೀ ನಿಲ್ದಾಣಕ್ಕೆ ಕೇಳುವಂತೆ, “ಮೂರನೇ ಪ್ಲಾಟ್‌ಫಾರ್ಮಿನ ಬಸ್ಸಿಗೆ ಇದು ನಿಜವಾದ ಕೊನೆಯ ಕರೆ. ಡ್ರೈವರಣ್ಣ ದಯವಿಟ್ಟು ಹಿಂದೆ ನೋಡಬೇಕು, ನೀಲಿ ಬ್ಯಾಗ್ ಹಿಡಿದು ಒಬ್ಬರು ಓಡಿ ಬರ್ತಾ ಇದ್ದಾರೆ.”

ನಾನು ಬೆಂಚಿನ ಮೇಲೆ ಹತ್ತಿ ನೋಡಿದೆ. ಬಸ್ಸು ಅರ್ಧ ತಿರುಗಿದ್ದು ನಿಂತಿತು. ಅವನು ಹತ್ತಿದ.

ಕಿಟಕಿಯೊಳಗೆ ಅತ್ತೆ ಉಬ್ಬಸದ ಪಂಪನ್ನು ಎರಡು ಸಲ ಎಳೆದುಕೊಂಡು ಕೂತಿದ್ದಳು.

“ಛತ್ರಿ ಎಲ್ಲಿ?” ಎಂದರು ಮೇಡಂ.

“ಇಲ್ಲ ಮೇಡಂ.”

“ಇರಲೇ ಇಲ್ವಾ?”

“ಇರಲೇ ಇಲ್ಲ.”

“ಅಂದ್ರೆ ಪ್ರಯಾಣಿಕರಿಗೆ ಸುಳ್ಳು ಹೇಳಿದ್ರಿ. ನನ್ನ ಮುಂದೇನೇ.”

“ಹೇಳಿದೆ. ಅದಕ್ಕೆ ಮೊದಲು ನಿಜ ಎಲ್ಲಾ ಬಾಯಿಬಿಟ್ಟುಬಿಟ್ಟಿದ್ದೆನಲ್ಲ, ಇನ್ನೇನು ಮಾಡ್ಲಿ? ಬೆಳಗ್ಗೆ ನಾವೂ ಮಂಡಿ ಊರೇ ಜಿಪ್ಪು ಹಾಕಿದ್ವಿ ಮೇಡಂ. ಅದೊಂದನ್ನ ಹೇಳಿರಲಿಲ್ಲ. ಇಂಗ್ಲಿಷಲ್ಲಿ ಹೇಳೋಕೆ ಬರಲಿಲ್ಲ, ಅದಕ್ಕೇ ಉಳೀತು.” ಅತ್ತೆ ನೆಲ ನೋಡಿದಳು. “ತಪ್ಪು ನಂದೇ. ಅವರಿಗೆ ಬಸ್ಸು ತಪ್ಪಿದ್ರೆ ಅದೂ ನನ್ನಿಂದಲೇ ಆಗ್ತಿತ್ತು.”

ಮೇಡಂ ಪ್ಯಾಡನ್ನು ನೋಡಿದರು. ಆ ಉದ್ದದ ರೈಟ್ ಮಾರ್ಕಿನ ಮೇಲೆ ಪೆನ್ನಿಟ್ಟರು. ಹೊಡೆದುಹಾಕುತ್ತಾರೆ ಎಂದುಕೊಂಡೆ. ಇನ್ನು ಶೆಡ್ಡೇ ಗತಿ ಎಂದುಕೊಂಡೆ. ಬಾಯಿ ಬಿಡಬಾರದು ಎಂದು ಹೇಳದಿದ್ದರೆ ಅಷ್ಟು ಹೊತ್ತಿಗೆ ನಾನು ಅಳುತ್ತಿದ್ದೆನೋ ಏನೋ.

“ಇಂಗ್ಲಿಷ್ ಪರವಾಗಿಲ್ಲ,” ಎಂದರು ಕಡೆಗೆ. “ಆದ್ರೆ ಇಂಗ್ಲಿಷ್ ಬಂದಿದ್ದೇ ಎಲ್ಲಾ ಒದರಿಬಿಟ್ರಿ. ಅದಕ್ಕೂ ನಾನೇ ಮಾರ್ಕ್ ಹಾಕಿದ್ದೀನಿ, ಈಗ ಏನು ಮಾಡೋದು ಹೇಳಿ?”

ಅತ್ತೆ ರಬ್ಬರ್ ಸ್ಟಾಂಪನ್ನು ಮತ್ತೆ ಎತ್ತಿ ಇದ್ದಲ್ಲೇ ಇಟ್ಟಳು.

“ಒಂದು ಮಾತು,” ಎಂದರು ಮೇಡಂ. “ನಾನು ಕೊಡಿ ಅಂದಾಗ ಕೊಡಬಹುದಿತ್ತಲ್ಲ. ನಾನು ಹೇಳಿದ್ದೆ. ಹೆಚ್ಚುಕಮ್ಮಿ ಆಗಿದ್ರೆ ನನ್ನ ತಲೆಗೆ ಬರೋದು.”

“ನಿಮ್ಮ ತಲೆಗೆ ಬಂದ್ರೆ ಬ್ಯಾಗಿನವರಿಗೆ ಬ್ಯಾಗು ಬರುತ್ತಾ ಮೇಡಂ?”

ಮೇಡಂ ನಗಲಿಲ್ಲ. ಪೆನ್ನನ್ನು ಮಾತ್ರ ಕಿವಿಯ ಹಿಂದಕ್ಕೆ ಸಿಕ್ಕಿಸಿಕೊಂಡರು. ರೈಟ್ ಮಾರ್ಕು ಹಾಗೇ ಉಳಿಯಿತು.

“ಆಯ್ತು. ಕಿಟಕಿ ನಿಮ್ಮ ಹತ್ತಿರವೇ ಇರಲಿ. ಆದ್ರೆ ಹೊರಗಿನ ಹಲಗೆ ಎರಡೂ ಭಾಷೇಲಿ ಇರಬೇಕು. ಮುಂದಿನ ಶನಿವಾರ ಬಂದು ನೋಡ್ತೀನಿ. ಇಂಗ್ಲಿಷಲ್ಲೂ...” ಎಂದು ಬಾಗಿಲ ತನಕ ಹೋದವರು ತಿರುಗಿದರು. “ಬಣ್ಣ ಗಿಣ್ಣ ಏನೂ ಬೇಡ.”

“ಎ ಬ್ಯಾಗ್,” ಎಂದಳು ಅತ್ತೆ. “ಅಷ್ಟೇ.”

ಮೇಡಂ ಹೋದದ್ದೇ ತಡ, ನಾನು ಒಳಗೆ ನುಗ್ಗಿದೆ. ಅಪ್ಪಿಕೊಳ್ಳುತ್ತಾಳೆ ಎಂದುಕೊಂಡಿದ್ದರೆ ಅತ್ತೆ ನನ್ನ ಕಿವಿ ಹಿಡಿದಳು.

“ವರ್ಣಿಸು ಅತ್ತೆ, ವರ್ಣಿಸು! ನಿನ್ನ ವರ್ಣನೆಗಿಷ್ಟು ಬೆಂಕಿ ಹಾಕ. ಬೆಳಗ್ಗೆಯಿಂದ ಗಿಳಿಗೆ ಕಲಿಸಿದ ಹಾಗೆ ಕಲಿಸಿದೆಯಲ್ಲೇ. ಬಾಯಿ ತೆರೆದ್ರೆ ತಾನಾಗೇ ಬಂತು.”

“ಆದ್ರೆ ಕೊಂಬು ಒಂದೂ ತಪ್ಪಲಿಲ್ಲ ಅತ್ತೆ!”

“ತಪ್ಪಿದ್ರೇ ಚೆನ್ನಾಗಿತ್ತು. ಮಧ್ಯದಲ್ಲೇ ನಿಲ್ತಿದ್ದೆ.” ಕಿವಿ ಬಿಟ್ಟಳು. ಮೈಕಣ್ಣ ಕಿಂಡಿಯಿಂದ ಅವನ ಟೀ ಲೋಟವನ್ನೇ ಒಳಕ್ಕೆ ದಾಟಿಸಿದ, “ಎಂಜಲಲ್ಲ, ಕುಡೀರಿ” ಎಂದು. ಅತ್ತೆ ಕುಡಿದಳು. ಆಮೇಲೆ ನಿಧಾನಕ್ಕೆ ನಗು ಬಂತು ಅವಳಿಗೆ. ಮಂಡಿಯ ಮೇಲೆ ಕೈಯಿಟ್ಟುಕೊಂಡು, ಸದ್ದಿಲ್ಲದೆ, ಭುಜ ಅಲುಗುವಂತೆ ನಕ್ಕಳು.

“ಛತ್ರಿ ಹೇಗೆ ಹೊಳೀತು ಅತ್ತೆ?”

“ನೀನೇ ಹೇಳಿದೆಯಲ್ಲ, ಇಲ್ಲದ್ದಕ್ಕೂ ಹಾಕಬಹುದು ಅಂತ. ನಂಗೆ ಸರಿಯಾಗಿ ಬರೋ ಜೋಡಿ ಕೊಂಬು ಅದೊಂದೇ. ಅದೇ ಬಾಯಿಗೆ ಬಂತು.” ಲೋಟ ಕೆಳಗಿಟ್ಟಳು. “ಅವನ ಮುಖ ನೋಡಿದೆಯಾ, ಬ್ಯಾಗು ಕೈಗೆ ಸಿಕ್ಕಾಗ? ಬೈತಾನೇ ಇದ್ದ, ಆದ್ರೂ.”

ನೋಡಿದ್ದೆ.

ಸಂಜೆ ಕಿಟಕಿಯ ಬಾಗಿಲು ಎಳೆಯುವ ಹೊತ್ತಿಗೆ ಅತ್ತೆ ಕರಿಹಲಗೆಯನ್ನು ಕೆಳಗಿಳಿಸಿ ಮೇಜಿನ ಮೇಲೆ ಮಲಗಿಸಿದಳು. ಒದ್ದೆ ಬಟ್ಟೆಯಿಂದ ಎರಡೇ ಎರಡು ಪದಗಳನ್ನು, ‘ಹೆಲ್ಮೆಟ್ಟು’ ಮತ್ತು ಅವತ್ತಷ್ಟೇ ಸೇರಿಸಿದ್ದ ಇನ್ನೊಂದು ‘ಚೀಲ’ವನ್ನು ಒರೆಸಿದಳು. ಉಳಿದವೆಲ್ಲ ಹಾಗೇ ಇದ್ದವು, ಯಾರ್‍ಯಾರದ್ದೋ.

“ಮುಂದಿನ ಶನಿವಾರ ಬೆಳಗ್ಗೇನೇ ಬಂದುಬಿಡು,” ಎಂದಳು. “ಅರ್ಧ ಹಲಗೆ ಖಾಲಿ ಬಿಡ್ತೀನಿ. ನೀನು ಹೇಳು, ನಾನು ಬರೀತೀನಿ. ಮೇಡಂ ಬರೋಷ್ಟರಲ್ಲಿ ಒಣಗಿರಬೇಕು.”

“ಸೀಮೆಸುಣ್ಣ ಒಣಗೋದು ಏನಿದೆ ಅತ್ತೆ?”

“ಈ ಸಲ ಪೇಂಟು ಕಣೇ. ಪ್ರತಿ ಸಲ ಆ ಕೊಂಬು ನೆನಪಿಟ್ಕೊಳ್ಳೋಕೆ ನನ್ನ ಕೈಲಾಗೋದಿಲ್ಲ. ಕೊಂಬು ಮಾತ್ರ ಪೇಂಟಲ್ಲಿ, ಅದರ ಮುಂದೆ ವಸ್ತು ಸೀಮೆಸುಣ್ಣದಲ್ಲಿ. ಬ್ರಷ್ಷು ತಾ, ಸಣ್ಣದು.”

“ಆ್ಯನ್ ಓಲ್ಡ್ ಬ್ರಷ್ ಇದೆ ಮನೇಲಿ.”

“ಯಾವ ಬ್ರಷ್ಷೋ ಒಂದು ತಾ,” ಎಂದು ಅತ್ತೆ ದೀಪ ಆರಿಸಿ ಬೀಗ ಹಾಕಿದಳು. “ಹಳೇದೋ ಹೊಸದೋ ಹೇಳಬೇಡ.”